ಅತ್ತೆ ನೋಡಿದ ಕೊನೆಯ ಕಂತು

ಯಾರಾದರೂ ಹೆಚ್ಚು ನಕ್ಕು ಮಾತಾಡಿದರೆ ನಮ್ಮತ್ತೆಯ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಬಲಗಣ್ಣು ಮಾತ್ರ ಎದುರಿನವರ ಮುಖದ ಮೇಲೆ ನೆಟ್ಟಿರುತ್ತಿತ್ತು, ಸೂಜಿಗೆ ದಾರ ಪೋಣಿಸುವವರು ನೋಡುವ ಹಾಗೆ. ಅಮೆರಿಕದಲ್ಲಿ ನಾವಿದ್ದ ಬೆರ್ರಿಯೆಸಾದ ಪಕ್ಕದ ಮನೆಯಾಕೆ ತಮ್ಮ ಹಿತ್ತಲಿನ ನಿಂಬೆಹಣ್ಣು ತಂದುಕೊಟ್ಟರೆ "ಯಾಕ ಕೊಟ್ಟಳಂತ?" ಎಂದು ನನ್ನನ್ನು ಕೇಳುತ್ತಿದ್ದರು. ಉತ್ತರ ಸಿಗುವವರೆಗೆ ಆ ಹಣ್ಣು ಅಡುಗೆಮನೆಯ ಕಟ್ಟೆಯ ಮೇಲೆಯೇ ಕೂತಿರುತ್ತಿತ್ತು.

ಅವರ ಅನುಮಾನದಲ್ಲಿ ದೊಡ್ಡ ಪಾಲು ನನಗೆ ಸಿಕ್ಕಿತ್ತು. ಅವರದು ಧಾರವಾಡ ಕಡೆಯ ದಲಿತ ಕುಟುಂಬ. ನಾನು ಮಂಡ್ಯದವಳು, ಬೇರೆ ಜಾತಿ, ಅವರ ಮಗನನ್ನು ಮೆಚ್ಚಿ ಮದುವೆಯಾದವಳು. ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ಬಾಗಿಲ ಹಿಂದೆ ಅವರ ಬಳೆ ಸದ್ದಾಗುತ್ತಿತ್ತು. ಒಮ್ಮೆ ತಡೆಯಲಾರದೆ ಕೇಳಿಯೇ ಬಿಟ್ಟೆ, "ಏನು ಕೇಳಿಸ್ಕೋತಿದೀರಾ ಅತ್ತೆ?"

"ನಮ್ಮ ಬಗ್ಗೆ ಏನ್ ಹೇಳ್ತಿ ಅಂತ," ಎಂದರು, ಒಂಚೂರೂ ಅಳುಕದೆ.

"ಒಳ್ಳೇದನ್ನೇ ಹೇಳ್ತೀನಿ."

"ಅದಕ್ಕ ಅಂಜಿಕಿ."

ನನ್ನ ಮಗಳು ಪಾಲೋ ಆಲ್ಟೋದಲ್ಲಿ ಓದುತ್ತಿದ್ದಳು, ಭಾನುವಾರಗಳಲ್ಲಿ ಮನೆಗೆ ಬರುತ್ತಿದ್ದಳು. ಆಗ ಅವಳು ನೋಡುತ್ತಿದ್ದುದು ಒಂದು ಟೀವಿ ಧಾರಾವಾಹಿ. ದೊಡ್ಡವರ ಮಕ್ಕಳೇ ತುಂಬಿರುವ ಹೆಸರಾಂತ ಕಾಲೇಜಿಗೆ ಸೇರಿದ ಕಪ್ಪು ಹುಡುಗ ಹುಡುಗಿಯರ ಕಥೆ. ಅತ್ತೆಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ ಒಂದು ಮಧ್ಯಾಹ್ನ ಮೊಮ್ಮಗಳ ಪಕ್ಕ ಹೋಗಿ ಕೂತವರು ಮುಂದೆ ಒಂದು ಕಂತನ್ನೂ ಬಿಡಲಿಲ್ಲ.

ಕಥೆಯಲ್ಲಿ ಆ ವಿದ್ಯಾರ್ಥಿಗಳು ಕಾಲೇಜಿನ ವಿರುದ್ಧ ಏನೇ ಮಾಡಲು ಹೊರಟರೂ ಸುದ್ದಿ ಮೊದಲೇ ಡೀನ್ ಕಿವಿಗೆ ಬಿದ್ದಿರುತ್ತಿತ್ತು. ಹೇಳುತ್ತಿದ್ದವರು ಯಾರು ಎಂಬುದೇ ಪ್ರಶ್ನೆ. ಅತ್ತೆ ಎರಡನೇ ಕಂತಿನಲ್ಲೇ ತೀರ್ಪು ಕೊಟ್ಟಿದ್ದರು. ನಾಯಕಿಯ ರೂಮಿನಲ್ಲಿರುವ, ದಿನಾ ಅವಳಿಗೆ ಕಾಫಿ ತಂದುಕೊಡುವ ಬಿಳಿ ಹುಡುಗಿಯನ್ನು ತೋರಿಸಿ, "ಈಕೀನ. ನಗೂದು ನೋಡಿದ್ರ ಗೊತ್ತಾಗಂಗಿಲ್ಲೇನ?" ಎಂದರು.

"ಅಜ್ಜಿ, ಅವಳು ಸುಮ್ನೆ ನೈಸ್ ಇದಾಳೆ," ಎಂದಳು ಮಗಳು.

"ಸುಮ್ನ ಯಾರು ನೈಸ್ ಇರ್ತಾರ?"

ಕೊನೆಯ ಕಂತಿನ ದಿನ ಅತ್ತೆ ಬೇಗ ಊಟ ಮುಗಿಸಿ ಸೋಫಾದಲ್ಲಿ ಕಾಲು ಮಡಚಿ ಕೂತರು. ನಾನೂ ಕೂತೆ. ಕೊನೆಗೆ ಸಿಕ್ಕಿಬಿದ್ದವಳು ಆ ಬಿಳಿ ಹುಡುಗಿಯಲ್ಲ. ನಾಯಕಿಯ ಬೀದಿಯಲ್ಲೇ ಹುಟ್ಟಿ ಬೆಳೆದು, ಅವಳ ಜೊತೆಗೇ ಕಾಲೇಜಿಗೆ ಬಂದ ಕಪ್ಪು ಗೆಳತಿ. ಸ್ಕಾಲರ್‌ಶಿಪ್ ಹೋದೀತೆಂಬ ಭಯದಿಂದ ಎಲ್ಲವನ್ನೂ ಡೀನ್ ಹತ್ತಿರ ಹೇಳುತ್ತಿದ್ದಳು.

"ಅಜ್ಜಿ, ಯೂ ವರ್ ರಾಂಗ್," ಎಂದು ಮಗಳು ನಕ್ಕಳು.

ಅತ್ತೆ ನಗಲಿಲ್ಲ. "ಅದನ್ನ ಇನ್ನೊಮ್ಮೆ ಹಾಕು," ಎಂದರು. ಮಗಳು ಹಾಕಿದಳು. ಗೆಳತಿ ತಲೆ ತಗ್ಗಿಸಿ ಒಪ್ಪಿಕೊಳ್ಳುವುದನ್ನು ಮತ್ತೆ ನೋಡಿದರು. ಆಮೇಲೆ ತಾವೇ ರಿಮೋಟು ತೆಗೆದುಕೊಂಡು ಟೀವಿ ಆರಿಸಿ, ನಮ್ಮಿಬ್ಬರಲ್ಲಿ ಯಾರ ಮುಖವನ್ನೂ ನೋಡದೆ ಹೇಳತೊಡಗಿದರು.

ಟೀಚರ್ ಟ್ರೇನಿಂಗಿಗೆಂದು ಅವರು ಧಾರವಾಡದ ಹಾಸ್ಟೆಲೊಂದರಲ್ಲಿದ್ದರಂತೆ. ಜಾತಿ ಯಾರಿಗೂ ಹೇಳಿರಲಿಲ್ಲ. ಒಂದು ದಿನ ವಾರ್ಡನ್ ಕರೆದು, ಇನ್ನು ಮೇಲೆ ತಟ್ಟೆ ಹೊರಗಿಟ್ಟುಕೊಂಡು ಜಗಲಿಯಲ್ಲಿ ಉಣ್ಣಬೇಕೆಂದರು. ವಾರ್ಡನ್‌ಗೆ ಜಾತಿ ಹೇಳಿದವರು ಯಾರು? ತಲೆಗೆ ಎಣ್ಣೆ ಹಚ್ಚುತ್ತಿದ್ದವಳೇ, ಪುಸ್ತಕ ಕೊಡುತ್ತಿದ್ದವಳೇ? ತನ್ನ ಜೊತೆ ನಕ್ಕು ಮಾತಾಡುತ್ತಿದ್ದ ಒಬ್ಬೊಬ್ಬಳನ್ನೂ ಅನುಮಾನಿಸಿದರು. ಹಾಸ್ಟೆಲು ಬಿಟ್ಟ ಮೇಲೂ ಆ ಅಭ್ಯಾಸ ಬಿಡಲಿಲ್ಲ.

"ನಮ್ಮ ಓಣ್ಯಾಗಿನ ಹುಡುಗಿ ಒಬ್ಬಾಕಿ ಇದ್ದಳು, ನಮ್ಮ ಪೈಕೀನ," ಎಂದರು. "ನನ್ನ ಜಾತಿ ಆಕಿಗಷ್ಟ ಗೊತ್ತಿತ್ತು. ಆಕಿ ಮ್ಯಾಲೆ ಮಾತ್ರ ನನಗ ಅನುಮಾನ ಬರಲಿಲ್ಲ ನೋಡು. ನನ್ನ ಊಟ ಹೊರಗ ಬಂತು. ಆಕೀದು ಒಳಗ ಉಳೀತು."

ಮಗಳು ಎಷ್ಟು ಅರ್ಥ ಮಾಡಿಕೊಂಡಳೋ, ಅಜ್ಜಿಯ ಕೈ ಹಿಡಿದುಕೊಂಡಳು. "ಶೀ ವಾಸ್ ಹಾರಿಬಲ್," ಎಂದಳು.

"ಕೆಟ್ಟಾಕಿ ಅಲ್ಲ ಬಿಡವಾ," ಎಂದರು ಅತ್ತೆ. "ಅಂಜಿದಾಕಿ."

ಈ ಕಥೆ ಅವರ ಮಗನಿಗೂ ಗೊತ್ತಿರಲಿಲ್ಲ.

ಅದಾದ ಕೆಲವು ವಾರಕ್ಕೆ ಸರಟೋಗಾದಲ್ಲಿ ಪರಿಚಯದವರೊಬ್ಬರ ಗೃಹಪ್ರವೇಶ. ಊಟವಾದ ಮೇಲೆ ಮನೆಯೊಡತಿ ಅತ್ತೆಯ ಪಕ್ಕ ಬಂದು ಕೂತು, ನಗುನಗುತ್ತಾ ಕೇಳಿದರು, "ಧಾರವಾಡದಲ್ಲಿ ನೀವು ಯಾವ ಪೈಕಿ ಅಮ್ಮ?" ಇಂಥ ಪ್ರಶ್ನೆ ಬಂದಾಗಲೆಲ್ಲ ನನ್ನ ಗಂಡ ಮಾತು ಮರೆಸುತ್ತಿದ್ದರು. ಆಗಲೂ "ಅಮ್ಮ ಟೀಚರ್ ಆಗಿದ್ರು" ಎಂದು ಶುರು ಮಾಡಿದರು. ಅತ್ತೆ ಮಗನ ಮೊಣಕಾಲ ಮೇಲೆ ಕೈಯಿಟ್ಟು ಸುಮ್ಮನಾಗಿಸಿದರು.

"ನಾವು ದಲಿತರ ಪೈಕಿರಿ. ಯಾಕ ಕೇಳಿದ್ರಿ?"

"ಅಯ್ಯೋ, ಸುಮ್ನೆ ಕೇಳಿದೆ ಅಷ್ಟೆ."

"ಸುಮ್ನ ಯಾರೂ ಕೇಳಂಗಿಲ್ರಿ."

ಅತ್ತೆ ನಿಧಾನವಾಗಿ ಎಲೆಯಡಿಕೆ ಮುಗಿಸಿ ಎದ್ದರು. ಆ ಮನೆಯಿಂದ ನಮಗೆ ಮತ್ತೆ ಕರೆ ಬರಲಿಲ್ಲ.

ಮುಂದಿನ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಅವರು ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಒಂದು ಶನಿವಾರ ಒಬ್ಬ ಹೆಂಗಸು ಮನೆಗೆ ಬಂದರು. ಸರಟೋಗಾದಲ್ಲಿ ಅವತ್ತು ಎಲ್ಲರಿಗೂ ಹೋಳಿಗೆ ಬಡಿಸಿದ್ದವರು, ಮನೆಯೊಡತಿಯ ಆಪ್ತ ಗೆಳತಿ. ಇವರೇಕೆ ಬಂದರು, ಅಲ್ಲಿ ಹೋಗಿ ಏನು ಹೇಳುತ್ತಾರೆ ಎಂದು ನನ್ನ ಮನಸ್ಸು ಲೆಕ್ಕ ಹಾಕತೊಡಗಿತು. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದೆ.

"ನಾವೂ ಅವ್ರ ಪೈಕಿನೇ," ಎಂದರು ಆಕೆ, ಬೀದಿಯ ಕಡೆ ಒಮ್ಮೆ ನೋಡಿ. "ಹಾಸನದ ಕಡೆಯವ್ರು. ಅವತ್ತು ಅಲ್ಲೇ ನಿಂತಿದ್ದೆ. ನಾನೂ ಅಂತ ಹೇಳೋಕೆ ಬಾಯೇ ಬರ್ಲಿಲ್ಲ. ಇದನ್ನ ದಯವಿಟ್ಟು ಯಾರಿಗೂ ಹೇಳ್ಬೇಡಿ."

ಅತ್ತೆ ಅವತ್ತು ಟೀವಿ ಆರಿಸಿ ನಮ್ಮ ಮುಂದೆ ಬಾಯಿ ಬಿಡದೆ ಹೋಗಿದ್ದರೆ ನಾನು ಆಕೆಗೆ ಏನು ಹೇಳುತ್ತಿದ್ದೆನೋ ತಿಳಿಯದು. ಬಾಗಿಲು ಪೂರ್ತಿ ತೆರೆದು, "ಯಾರಿಗೂ ಹೇಳಲ್ಲ, ಒಳಗೆ ಬನ್ನಿ, ಊಟದ ಹೊತ್ತು," ಎಂದೆ.