ನಾನು ತಿಕ್ಕಿದ ಕಲ್ಬತ್ತು

ಹೋದ ತಿಂಗಳು ಮನೆ ರಿಪೇರಿಗೆ ಗೋಡೆ ಒಡೆಸುವಾಗ ಇಟ್ಟಿಗೆ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಹೊರಗೆ ಹೋಗಿ ನಿಂತೆ. ಇಟ್ಟಿಗೆ ವಾಸನೆಗೆ ಹೆದರುವವನು ನಾನೊಬ್ಬನೇ ಇರಬೇಕು...

ಎಪ್ಪತ್ತರ ದಶಕ. ಕುರಿ ಕಾಯುವ ಮನೆಯಿಂದ ಡಿಗ್ರಿ ಮಾಡಿದ ಮೊದಲಿಗ ನಾನು. ಚಿತ್ರದುರ್ಗದ ಕಾಲೇಜೊಂದರ ಲ್ಯಾಬಿನಲ್ಲಿ ಸಂಶೋಧನೆಗೆ ಸೇರಿದ್ದೆ. ಲಿಥಿಯಂ ಕೋಬಾಲ್ಟ್ ಆಕ್ಸೈಡಿನೊಳಗೆ ಎಲೆಕ್ಟ್ರಾನುಗಳು ಹೇಗೆ ಕೂತಿವೆ ಎಂದು ನೋಡುವ ಕೆಲಸ. ಇವತ್ತು ಅದು ಮೊಬೈಲ್ ಬ್ಯಾಟರಿಗಳಲ್ಲಿದೆ. ಆಗ ಯಾರಿಗೂ ಬೇಡದ ಕಪ್ಪು ಪುಡಿ. ಪುಡಿ ತುಂಬಿದ ಗಾಜಿನ ನಳಿಗೆಯನ್ನು ತಕ್ಕಡಿಗೆ ತೂಗುಹಾಕಿ, ಅಯಸ್ಕಾಂತದ ನಡುವೆ ಇಳಿಬಿಡುತ್ತಿದ್ದೆವು. ಜೋಡಿಯಿಲ್ಲದ ಎಲೆಕ್ಟ್ರಾನ್ ಇದ್ದರೆ ಅಯಸ್ಕಾಂತ ಎಳೆಯುತ್ತದೆ, ತೂಕ ಹೆಚ್ಚುತ್ತದೆ.

ಲ್ಯಾಬಿನ ಅಟೆಂಡರನ್ನು ಅಣ್ಣ ಅನ್ನುತ್ತಿದ್ದೆ. ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಪುಡಿ ಅರೆಯುವ ಪಿಂಗಾಣಿ ಕಲ್ಬತ್ತನ್ನು ಆಸಿಡ್ಡಿನಲ್ಲಿ ನೆನೆಸಿ ತೊಳೆಯುವುದು ಅವರ ಕೆಲಸ. ಅದಕ್ಕೊಂದು ದಿನ ಹಿಡಿಯುತ್ತಿತ್ತು. ನನಗೋ ಅವಸರ. ಒಂದು ಬೆಳಿಗ್ಗೆ ನಾನೇ ಇಟ್ಟಿಗೆ ಪುಡಿ ಹಾಕಿ ತಿಕ್ಕಿಬಿಟ್ಟೆ.

"ಲೇ, ಏನಪ್ಪ ಇದು?"

"ನಮ್ಮವ್ವ ಹಿತ್ತಾಳೆ ಚೊಂಬು ಹಿಂಗೇ ತಿಕ್ಕೋದಣ್ಣ. ನೋಡ್ರಿ, ಹೆಂಗೆ ಹೊಳೀತೈತೆ."

"ನಿಮ್ಮವ್ವ ಚೊಂಬಿನಾಗೆ ಎಲೆಕ್ಟ್ರಾನ್ ಹುಡುಕ್ತಾಳೇನಲೇ?"

ನಕ್ಕೆ. ಅದರಲ್ಲೇ ಪುಡಿ ಅರೆದು, ಕುಲುಮೆಗಿಟ್ಟೆ.

ಬೆಂದ ಪುಡಿಯನ್ನು ಅಯಸ್ಕಾಂತದ ನಡುವೆ ಇಳಿಬಿಟ್ಟಾಗ ತೂಕ ಯಾವತ್ತೂ ಇಲ್ಲದಷ್ಟು ಹೆಚ್ಚಿತು. ಹೊಸದೇನೋ ಸಿಕ್ಕಿತೆಂದು ಹಿಗ್ಗಿ ಪ್ರೊಫೆಸರಿಗೆ ಕೊಟ್ಟೆ. ಅವರು ಪುಡಿಯ ಹತ್ತಿರ ಅಯಸ್ಕಾಂತ ಹಿಡಿದರು. ಪುಡಿ ಎದ್ದು ಅಂಟಿಕೊಂಡಿತು. ಕಲ್ಬತ್ತು ಎತ್ತಿ ನೋಡಿದರು.

"ಇದರಲ್ಲಿ ಕಬ್ಬಿಣ ಸೇರಿ ಕೋಬಾಲ್ಟ್ ಜೊತೆ ಬೆಂದಿದೆ. ಇಟ್ಟಿಗೆ ಕೆಂಪಗಿರೋದೇ ಕಬ್ಬಿಣದಿಂದ, ಅಷ್ಟೂ ಗೊತ್ತಿಲ್ವ? ಕಲ್ಬತ್ತು ತಿಕ್ಕಿದ್ದು ಯಾರು?"

ಅದರ ಸಂದಿಯಲ್ಲಿ ಇಟ್ಟಿಗೆಯ ಕೆಂಪು ಇನ್ನೂ ಕಾಣುತ್ತಿತ್ತು. ಹಿಂದಿನ ತಿಂಗಳಷ್ಟೇ ಒಂದು ನಳಿಗೆ ಒಡೆದಿದ್ದೆ. ಇನ್ನೊಂದು ತಪ್ಪಾದರೆ ಊರಿಗೆ ಹೋಗು ಅಂದಿದ್ದರು. ಅಪ್ಪನಿಗೆ ಏನು ಹೇಳಲಿ...

"ನಾನೇ ಸಾರ್. ಆಸಿಡ್ ಮುಗಿದಿತ್ತು," ಅಂದರು ಅಣ್ಣ. ನನ್ನ ಕಡೆ ನೋಡಲಿಲ್ಲ.

ನಾನು ಸುಮ್ಮನಿದ್ದೆ.

ಅವರನ್ನು ಲ್ಯಾಬಿನಿಂದ ತೆಗೆದು ಕಾಲೇಜಿನ ಗೇಟು ಕಾಯಲು ಹಾಕಿದರು. ಡಾಕ್ಟರೇಟ್ ಸಿಗುವವರೆಗೂ ದಿನಾ ಅದೇ ಗೇಟು ದಾಟಿದೆ. "ಸಿಕ್ಕಿದ್ವೇನಪ್ಪ ಎಲೆಕ್ಟ್ರಾನು?" ಅನ್ನುತ್ತಿದ್ದರು. ಇವತ್ತು ಯಾರಿಗಾದರೂ ಹೇಳಿಬಿಡುತ್ತಾರೆ ಎಂದು ಹೆದರಿ ಬೇಗ ಬೇಗ ಒಳಗೆ ಹೋಗುತ್ತಿದ್ದೆ. ಅವರು ಹೇಳಲೇ ಇಲ್ಲ. ನಾನೂ...

ಹೋದ ವಾರ ಹೊಳಲ್ಕೆರೆಗೆ ಹೋದೆ. ಅಣ್ಣ ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ಮಗಳು ಟೀ ಕೊಟ್ಟರು. ಎಲ್ಲ ಹೇಳಿದೆ, ಒಂದೂ ಬಿಡದೆ.

ಆಕೆ ನನ್ನ ಲೋಟ ತೆಗೆದು ಪಕ್ಕಕ್ಕಿಟ್ಟರು. "ಅಪ್ಪಗೆ ಲ್ಯಾಬು ಅಂದ್ರೆ ಪ್ರಾಣ ಆಗಿತ್ತು," ಅಂದರು. ಆಮೇಲೆ ಮೆಲ್ಲಗೆ, "ಅವರಿದ್ದಾಗ ಬರ್ಬೇಕಿತ್ರಿ ನೀವು."

ಹೌದಮ್ಮ, ಅಂದೆ.