ನಾಲ್ಕು ಆಸ್ಪತ್ರೆಗೆ ಒಂದೇ ಒಪ್ಪಿಗೆ ಪತ್ರ

ದೊಡ್ಡಬಳ್ಳಾಪುರದ ರುಕ್ಮಿಣಮ್ಮನವರಿಗೆ ಐವತ್ನಾಲ್ಕು ವರ್ಷ, ಎಸ್ಸೆಸ್ಸೆಲ್ಸಿ ವರೆಗಿನ ಓದು. ಮನೆಯ ನಡುಮನೆಯಲ್ಲೇ ಎರಡು ಪವರ್‌ಲೂಮ್ ಮಗ್ಗ. ಅವುಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ ದನಿ ಏರಿಬಿಟ್ಟಿದೆ.

ಹನ್ನೊಂದು ವರ್ಷದ ಹಿಂದೆ ಊರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ, ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯ ಪ್ರಯೋಗಕ್ಕೆಂದು ಅವರ ಮುಂದೆ ಒಂದು ಒಪ್ಪಿಗೆ ಪತ್ರ ಇಟ್ಟು ಸಹಿ ಕೇಳಿದ್ದರು. “ಓದ್ದೆ ಸೈನ್ ಹಾಕಲ್ಲ” ಎಂದು ಬೆಂಚಿನ ಮೇಲೆ ಕೂತು ಒಂದು ಗಂಟೆ ಓದಿದರು. ಆಮೇಲೆ ಏಳು ಪ್ರಶ್ನೆ ಕೇಳಿದರು. ಡಾಕ್ಟರ್ ಯೋಗಾನಂದ ಅವರಿಗೆ ಉತ್ತರ ಗೊತ್ತಿದ್ದದ್ದು ಮೂರಕ್ಕೆ. ಮುಂದಿನ ತಿಂಗಳು ಆ ಡಾಕ್ಟರೇ ಮನೆಗೆ ಬಂದರು. ಮನುಷ್ಯರ ಮೇಲೆ ನಡೆಯುವ ಸಂಶೋಧನೆಗಳು ಸರಿಯಾಗಿವೆಯೇ ಎಂದು ನೋಡುವ ಎಥಿಕ್ಸ್ ಕಮಿಟಿಗೆ, ಡಾಕ್ಟರೂ ಅಲ್ಲದ ವಕೀಲರೂ ಅಲ್ಲದ ಒಬ್ಬರು ಬೇಕಾಗಿತ್ತು.

ಅಂದಿನಿಂದ ಆ ಕುರ್ಚಿ ರುಕ್ಮಿಣಮ್ಮನವರದು. ಅವರು ತಿದ್ದದೆ ಬಿಟ್ಟ ಒಪ್ಪಿಗೆ ಪತ್ರ ಒಂದೂ ಇರಲಿಲ್ಲ. ಸೀರೆ ವ್ಯಾಪಾರಕ್ಕೆ ಬಂದವರ ಮುಂದೆಯೂ “ನಾಳೆ ಕಮಿಟಿ ಇದೆ” ಎಂದು ಒಂದು ಸಲವಾದರೂ ಅನ್ನದೆ ಬಿಡುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ದೊಡ್ಡ ಸಂಶೋಧನೆಯೊಂದು ಬಂತು. ಸದ್ದಿನ ನಡುವೆ ದುಡಿಯುವವರ ಕಿವಿ ಎಷ್ಟು ಕೆಟ್ಟಿದೆ ಎಂದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ನಾಲ್ಕು ಆಸ್ಪತ್ರೆಗಳಲ್ಲಿ ಪರೀಕ್ಷಿಸುವುದು. ನಾಲ್ಕೂ ಕಡೆಯ ಕಮಿಟಿಗಳು ಒಂದೇ ಪತ್ರವನ್ನು ನಾಲ್ಕು ಥರ ತಿದ್ದಿದವು. ಒಬ್ಬರು ಸೇರಿಸಿದ್ದನ್ನು ಇನ್ನೊಬ್ಬರು ಹೊಡೆದುಹಾಕಿದರು. ಹದಿನಾಲ್ಕು ತಿಂಗಳಾದರೂ ಒಬ್ಬರ ಕಿವಿಯನ್ನೂ ನೋಡಲಾಗಲಿಲ್ಲ. ಕೊನೆಗೆ ಎಲ್ಲರೂ ಸೇರಿ ತೀರ್ಮಾನ ಮಾಡಿದರು: ಇನ್ನು ಮೇಲೆ ನಾಲ್ಕು ಊರಿಗೂ ಒಂದೇ ಕಮಿಟಿ, ಒಂದೇ ಪತ್ರ. ಕಮಿಟಿ ಹೊಸಕೋಟೆಯದು. ಉಳಿದವರು ತಮ್ಮ ಊರಿನ ಸಂಗತಿ ಏನಾದರೂ ಇದ್ದರೆ ಹತ್ತು ದಿನದೊಳಗೆ ಒಂದು ಪುಟ ಬರೆದು ಕಳಿಸಿದರೆ ಸಾಕು.

ಅದೇನೋ ಸರಿಯೇ ಎಂದು ರುಕ್ಮಿಣಮ್ಮನವರ ಬುದ್ಧಿಗೂ ತೋಚಿತು. ಆದರೆ ಯೋಗಾನಂದರು ಆಡಿದ ಮಾತು ಬುದ್ಧಿಯನ್ನು ದಾಟಿ ಒಳಕ್ಕೆ ಇಳಿಯಿತು.

“ಹೊಸಕೋಟೇಲಿ ಸಿಂಧು ಅಂತ ಇದ್ದಾರಮ್ಮ, ಹಾಲಿನ ಡೈರಿ ಸೆಕ್ರೆಟರಿ. ಅವರೂ ನಿಮ್ಮಂಗೇ ಕಮಿಟಿ ಮೆಂಬರು. ಏನ್ ಚೆನ್ನಾಗ್ ಬರೀತಾರೆ ಅಂತೀರಿ. ಅಂಥೋರು ನಮಗೆ ಸಿಕ್ಕಿರ್ಲಿಲ್ಲ.”

ಹನ್ನೊಂದು ವರ್ಷದಲ್ಲಿ ರುಕ್ಮಿಣಮ್ಮನವರ ಬಗ್ಗೆ ಡಾಕ್ಟರು ಇಂಥ ಹೊಗಳಿಕೆಯ ಮಾತು ಆಡಿದ್ದಿಲ್ಲ. ಆ ದಿನ ವಾಟ್ಸಾಪಿನಲ್ಲಿ ಸಿಂಧುವಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರು. ಮೂವತ್ತು ದಾಟಿರದ ಮುಖ. ಹಾಲು ಅಳೆಯೋಳಿಗೆ ಮಗ್ಗದ ಸುದ್ದಿ ಏನು ಗೊತ್ತು ಎಂದುಕೊಂಡರು.

ಸಿಂಧು ತಿದ್ದಿದ ಪತ್ರ ಬಂತು. ತಪ್ಪು ಹುಡುಕಲೆಂದೇ ಓದಲು ಕೂತರು. ಮೊದಲ ಎರಡು ಪುಟದಲ್ಲಿ ತಪ್ಪು ಸಿಗಲಿಲ್ಲ. “ಬೇಡ ಅನ್ನಿಸಿದರೆ ಬೇಡ ಅನ್ನಿ. ಕಾರಣ ಹೇಳಬೇಕಾಗಿಲ್ಲ” ಎಂದು ಒಂದು ಕಡೆ ಇತ್ತು. ಇದೇ ಮಾತನ್ನು ತಾವು ಇಷ್ಟು ವರ್ಷ ಉದ್ದುದ್ದ ಬರೆಸಿದ್ದು ನೆನಪಾಗಿ ಹೊಟ್ಟೆ ಉರಿಯಿತು.

ಮೂರನೇ ಪುಟದಲ್ಲಿ ಸಿಕ್ಕಿತು. ‘ಪರೀಕ್ಷೆಗೆ ಮುಂಚೆ ಕಿವಿಯ ದಣಿವು ಆರಲು ಹದಿನಾಲ್ಕು ಗಂಟೆ ಸದ್ದಿಲ್ಲದ ಕಡೆ ಇರಬೇಕು. ಇದರಲ್ಲಿ ಭಾಗವಹಿಸಿದರೆ ನಿಮಗೆ ಯಾವ ನಷ್ಟವೂ ಇಲ್ಲ.’ ಹೊಸಕೋಟೆಯ ಫ್ಯಾಕ್ಟರಿಯವರು ಶಿಫ್ಟ್ ಮುಗಿಸಿ ಮನೆಗೆ ಹೋಗುತ್ತಾರೆ, ಮನೆಯಲ್ಲಿ ಸದ್ದಿಲ್ಲ. ಇಲ್ಲಿ ಮನೆಯೇ ಮಗ್ಗ. ತಮ್ಮದನ್ನು ನಿಲ್ಲಿಸಿದರೂ ಪಕ್ಕದ ಗೋಡೆಯಾಚೆ ನಾಲ್ಕು ಓಡುತ್ತಿರುತ್ತವೆ. ಕೂಲಿಯವರಂತೂ ಕೂಲಿ ಬಿಟ್ಟು ಮಾಲೀಕನ ಹತ್ತಿರ ರಜಾ ಬೇಡಬೇಕು.

ರುಕ್ಮಿಣಮ್ಮ ಪೆನ್ನು ಎತ್ತಿದರು. ಹಾಗೇ ಕೆಳಗಿಟ್ಟರು. ಸಿಂಧು ಎಡವಲಿ, ಹೊಗಳಿದವರೆಲ್ಲ ನೋಡಲಿ ಅನ್ನಿಸಿತು. ‘ಆಕ್ಷೇಪಣೆ ಇಲ್ಲ’ ಎಂದು ಬರೆದು ಕಳಿಸಿದರು.

ಎರಡು ದಿನಕ್ಕೆ ಸಿಂಧುವೇ ಫೋನ್ ಮಾಡಿದಳು.

“ರುಕ್ಮಿಣಕ್ಕ, ನೀವು ಏನಾದ್ರೂ ತಿದ್ದದೆ ಬಿಡಲ್ಲ ಅಂತ ಕೇಳಿದ್ದೆ. ಏನೂ ಬರ್ದಿಲ್ಲ ನೋಡಿ, ಭಯ ಆಯ್ತು. ಮಗ್ಗದ ವಿಷ್ಯ ನಂಗೆ ಗೊತ್ತಿಲ್ಲ ಅಕ್ಕ.”

“ಎಲ್ಲಾ ಸರಿಯಾಗೈತೆ ಕಣಮ್ಮ,” ಎಂದು ರುಕ್ಮಿಣಮ್ಮ ಫೋನ್ ಇಟ್ಟರು.

ಪರೀಕ್ಷೆ ಶುರುವಾದ ಎರಡನೇ ವಾರ ಅಶ್ವತ್ಥಮ್ಮ ಬಾಗಿಲಿಗೆ ಬಂದಳು. ಪಕ್ಕದ ಬೀದಿಯ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಾ, ಅದರ ಹಿಂದಿನ ಕೋಣೆಯಲ್ಲೇ ವಾಸವಿದ್ದವಳು. ಹದಿನಾಲ್ಕು ಗಂಟೆ ಸದ್ದಿಲ್ಲದ ಕಡೆ ಇರಬೇಕೆಂದು ಒಂದು ದಿನ ರಜಾ ಕೇಳಿದ್ದಕ್ಕೆ ಮಾಲೀಕ ಅವಳ ಮಗ್ಗಕ್ಕೆ ಬೇರೆಯವರನ್ನು ಹಾಕಿಕೊಂಡಿದ್ದ.

“ನಷ್ಟ ಇಲ್ಲ ಅಂತ ಕಾಗ್ದದಲ್ಲಿ ಇತ್ತಲ್ಲಕ್ಕ,” ಎಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ನೀನು ಕಮಿಟೀಲಿ ಇದೀಯ, ನೋಡಿರ್ತೀಯ ಅಂದ್ಕಂಡು ಓದ್ದೆ ಸೈನ್ ಹಾಕ್ದೆ.”

ರುಕ್ಮಿಣಮ್ಮ ತಮ್ಮ ಎರಡು ಮಗ್ಗದಲ್ಲಿ ಒಂದರ ಮುಂದೆ ಅಶ್ವತ್ಥಮ್ಮನನ್ನು ನಿಲ್ಲಿಸಿ, ಮಾರನೆಯ ಬೆಳಗ್ಗೆ ಬಸ್ ಹತ್ತಿ, ದೇವನಹಳ್ಳಿಯಲ್ಲಿ ಬದಲಾಯಿಸಿ ಹೊಸಕೋಟೆ ತಲುಪಿದರು.

ಡೈರಿಯಲ್ಲಿ ಸಿಂಧು ಕ್ಯಾನು ತೊಳೆಸುತ್ತಿದ್ದಳು. ರುಕ್ಮಿಣಮ್ಮ ಕೂರಲಿಲ್ಲ. ನಿಂತೇ ಎಲ್ಲ ಹೇಳಿದರು, ಎಂದಿನ ಏರುದನಿಯಲ್ಲಿ. ಹಾಲು ಹಾಕಲು ಬಂದವರೆಲ್ಲ ತಿರುಗಿ ನೋಡಿದರು.

“ನಂಗೆ ಅವತ್ತೇ ಕಂಡಿತ್ತು. ನಿನ್ ಮೇಲೆ ಹೊಟ್ಟೆಕಿಚ್ಚಿಗೆ ಬರೀಲಿಲ್ಲ.”

ಸಿಂಧುವಿನ ಮುಖ ಕೆಂಪಾಯಿತು. “ನಾನು ಕೇಳಿದ್ನಲ್ಲ ಅಕ್ಕ,” ಎಂದಳು. ಕೈ ಒರೆಸಿಕೊಂಡು ಕೇಳಿದಳು, “ಇದನ್ನ ಮೀಟಿಂಗ್ ಪುಸ್ತಕದಲ್ಲಿ ಬರೀಬೇಕಾಗುತ್ತೆ. ಹೊಟ್ಟೆಕಿಚ್ಚು ಅಂತ ಬರೀಬೇಕಾ?”

“ಗೊತ್ತಿದ್ದೂ ಬಿಟ್ಟೆ ಅಂತ ಬರಿ. ಅಷ್ಟು ಸಾಕು.”

ಹಾಗೆಯೇ ಬರೆಯಲಾಯಿತು. ದೊಡ್ಡಬಳ್ಳಾಪುರದ ಪರೀಕ್ಷೆ ಅಂದೇ ನಿಂತಿತು. ಮಗ್ಗದವರಿಗೆ ಆಸ್ಪತ್ರೆಯಲ್ಲೇ ಸದ್ದಿಲ್ಲದ ಕೋಣೆ ಕೊಟ್ಟು, ಆ ದಿನದ ಕೂಲಿಯನ್ನೂ ಕೊಡಬೇಕೆಂದು ಪತ್ರ ಬದಲಾಯಿತು. ಯೋಗಾನಂದರೇ ಶೆಡ್ಡಿಗೆ ಹೋಗಿ ಮಾಲೀಕನ ಜೊತೆ ಮಾತಾಡಿದ್ದರಿಂದ, ಹದಿನೈದು ದಿನದ ಮೇಲೆ ಅಶ್ವತ್ಥಮ್ಮನಿಗೆ ಅವಳ ಮಗ್ಗ ವಾಪಸ್ ಸಿಕ್ಕಿತು. ಒಂದು ಪುಟ ಬರೆದು ಕಳಿಸುವ ಪದ್ಧತಿಯನ್ನೂ ಕೈಬಿಟ್ಟರು. ಈಗ ನಾಲ್ಕು ಊರಿನಿಂದ ಒಬ್ಬೊಬ್ಬರು ಬಂದು, ಒಟ್ಟಿಗೆ ಕೂತು, ಗಟ್ಟಿಯಾಗಿ ಓದಿ ಮುಗಿಸಿದ ಮೇಲೇ ಪತ್ರಕ್ಕೆ ಒಪ್ಪಿಗೆ.

ರುಕ್ಮಿಣಮ್ಮ ಕುರ್ಚಿ ಬಿಡುತ್ತೇನೆ ಎಂದಿದ್ದರು. ಬೇಡ ಎಂದದ್ದು ಸಿಂಧು. ಅದಕ್ಕೂ ಅವರಿಗೆ ಒಳಗೊಳಗೇ ಉರಿಯಿತು, ಇವಳು ಇದರಲ್ಲೂ ನನಗಿಂತ ಮೇಲಾದಳಲ್ಲ ಎಂದು. ಆದರೂ ಎರಡು ತಿಂಗಳಿಗೊಮ್ಮೆ ಹೊಸಕೋಟೆಗೆ ಹೋಗುತ್ತಾರೆ. ಸಿಂಧುವಿನ ಪಕ್ಕದಲ್ಲೇ ಕೂರುತ್ತಾರೆ. ಯಾರಾದರೂ ಅವಳನ್ನು ಹೊಗಳಿದರೆ ಕಾಗದದ ಮೇಲೆ ಕಣ್ಣು ನೆಟ್ಟು, ಮುಂದಿನ ಸಾಲನ್ನು ಓದಲು ಶುರುಮಾಡುತ್ತಾರೆ.