ಹೊರಡುವ ಮುಂಚಿನ ಪೂಜೆ

"ಮಮ್ಮಿ, ಸ್ಕ್ರೀನ್ ಮ್ಯಾಲೆ ಏನೂ ಬರವಲ್ದು, ಅಬ್ ಕ್ಯಾ ಕರೂಂ?" ಎಂದು ಮಗಳು ನನ್ನ ತೋಳು ಹಿಡಿದಾಗ, ಪರೀಕ್ಷಕರು ಪಕ್ಕದ ಮೇಜಿಗೆ ಬಂದಾಗಿತ್ತು. ವಿಕ್ರೋಳಿಯಲ್ಲಿ ಅವಳ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನ. ಮೇಜಿನ ಮೇಲೆ ಪುಟ್ಟ ಕಂಪ್ಯೂಟರಿನಂಥ ಎರಡು ಮೈಕ್ರೊಕಂಟ್ರೋಲರ್ ಬೋರ್ಡುಗಳು ಎದುರುಬದುರು ಕೂತಿದ್ದವು. ಒಂದರಲ್ಲಿ ಟೈಪ್ ಮಾಡಿದ ಅಕ್ಷರಗಳು, ಟಿವಿ ರಿಮೋಟಿನಂತೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಹೋಗಿ ಇನ್ನೊಂದರ ಪರದೆಯಲ್ಲಿ ಮೂಡಬೇಕಿತ್ತು. ಬೆಳಿಗ್ಗೆ ವಡಾಲದ ಮನೆಯಲ್ಲಿ ಚೆನ್ನಾಗಿಯೇ ಮೂಡಿದ್ದವು. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ತಂತಿ ಸಡಿಲಾಯಿತೇನೋ ಎಂದು ಅವಳು ಎಲ್ಲವನ್ನೂ ಕಿತ್ತು ಮತ್ತೆ ಚುಚ್ಚಿದಳು. ಪರದೆ ಖಾಲಿಯೇ.

ಆಗ ನನಗೆ ಕಂಡಿತು: ಬೆಳಕು ಹಿಡಿಯುವ ಪುಟ್ಟ ಕರಿ ಗುಂಡಿಯ ಮೇಲೆ ದಪ್ಪನೆಯ ಅರಿಶಿನ ಕುಂಕುಮ! ಮನೆಗೆ ಮಿಕ್ಸರ್ ಬಂದರೂ ಪೂಜೆ ಮಾಡದೆ ಬಿಡದ ವಿಜಯಪುರದ ನಮ್ಮ ಅತ್ತೆ, ನಾವು ಹೊರಡುವ ಮುಂಚೆ ಇದಕ್ಕೂ ಹಚ್ಚಿ ಕೈಮುಗಿದಿದ್ದರು. ಉಗುರಿನಿಂದ ಕೆರೆದು ಸೆರಗಿನಲ್ಲಿ ಒರೆಸಿದೆ. ಅಕ್ಷರಗಳು ಒಂದೊಂದಾಗಿ ಮೂಡತೊಡಗಿದವು. ಅಷ್ಟರಲ್ಲಿ ಪರೀಕ್ಷಕರು ನಮ್ಮ ಮೇಜಿಗೆ ಬಂದರು.

ಸಂಜೆ ಮಗಳು ಅಜ್ಜಿಯ ಮುಂದೆ ಬೋರ್ಡು ತಿರುಗಿಸಿ ಹಿಡಿದು, "ಆಯೀ, ಮುಂದ ಅದರ ಕಣ್ಣ ಐತಿ. ಇಲ್ಲಿ ಬೆನ್ನಿಗೆ ಹಚ್ಚು," ಎಂದಳು. ಅತ್ತೆ ಅಲ್ಲಿ ಇಟ್ಟ ಬೊಟ್ಟು ಈಗಲೂ ಇದೆ.